ತವರು: ಹೋದವಳು, ಬಂದವಳು, ಬಂದು ಕೂತವಳು

ಐಪಿಎಲ್ ನಡೆಯುವ ತಿಂಗಳುಗಳಲ್ಲಿ ಕನ್ನಡ ಪತ್ರಿಕೆಗಳ ಕ್ರೀಡಾಪುಟ ತೆರೆದರೆ ‘ತವರು’ ಕಣ್ಣಿಗೆ ಬೀಳದ ದಿನವಿಲ್ಲ. ಚಿನ್ನಸ್ವಾಮಿ ಅಂಗಳದಲ್ಲಿ ಬೆಂಗಳೂರು ತಂಡ ಸೋತರೆ ಅದು ತವರಿನಲ್ಲಿ ಮುಖಭಂಗ, ಗೆದ್ದರೆ ತವರಿನಲ್ಲಿ ವಿಜಯೋತ್ಸವ. ರಾಜಕೀಯ ಪುಟದಲ್ಲಿ ಮುಖ್ಯಮಂತ್ರಿಗೊಂದು ತವರು ಜಿಲ್ಲೆ, ಸಚಿವರಿಗೊಂದು ತವರು ಕ್ಷೇತ್ರ. 2020ರ ಲಾಕ್‌ಡೌನ್‌ನಲ್ಲಿ ನಡೆದು ಹೋದ ಕಾರ್ಮಿಕರೂ 2022ರಲ್ಲಿ ಉಕ್ರೇನ್ ತೊರೆದು ಬಂದ ವಿದ್ಯಾರ್ಥಿಗಳೂ ‘ತವರಿಗೆ’ ಮರಳಿದವರೇ. ಆದರೆ ಆಟದಲ್ಲಿ ಸೋತ ಅದೇ ಆಟಗಾರ ಮನೆಗೆ ಫೋನ್ ಮಾಡಿ ‘ತವರಿಗೆ ಬರ್ತಾ ಇದ್ದೀನಿ’ ಎನ್ನುವುದಿಲ್ಲ. ‘ಊರಿಗೆ ಬರ್ತೀನಿ’ ಎನ್ನುತ್ತಾನೆ, ‘ಮನೆಗೆ ಬರ್ತೀನಿ’ ಎನ್ನುತ್ತಾನೆ. ಆಡುಮಾತಿನಲ್ಲಿ ತವರು ಇರುವುದು ಹೆಣ್ಣಿಗೆ ಮಾತ್ರ. ಅದೂ ಮದುವೆಯಾದ ಹೆಣ್ಣಿಗೆ.

ಹಳಗನ್ನಡದಲ್ಲಿ ಈ ಪದಕ್ಕೆ ಇಂಥ ಕಟ್ಟು ಇರಲಿಲ್ಲ. ಅಲ್ಲಿ ಅದರ ರೂಪ ತವರ್, ತವರ್ಮನೆ. ಹುಟ್ಟಿದ ಎಡೆ, ಮೂಲ, ನೆಲೆ ಎಂಬ ಅಗಲವಾದ ಅರ್ಥದಲ್ಲಿ ಕವಿಗಳು ಅದನ್ನು ಬಳಸಿದರು. ಶಾಸನದ ಪ್ರಶಸ್ತಿಗಳಲ್ಲಿ ದಾನಿಯೊಬ್ಬನನ್ನು ಗುಣಕ್ಕೆ ತವರ್ಮನೆ ಎಂದು ಹೊಗಳುವುದು ವಾಡಿಕೆಯೇ ಆಗಿತ್ತು. ಹೀಗಾಗಿ ಕ್ರೀಡಾ ವರದಿಗಾರರು ಪದವನ್ನು ಕೆಡಿಸುತ್ತಿದ್ದಾರೆ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಶ್ರೀಗಂಧದ ತವರು, ರೇಷ್ಮೆಯ ತವರು ಎಂದು ಬರೆಯುವವರು ಗೊತ್ತಿದ್ದೋ ಇಲ್ಲದೆಯೋ ಶಾಸನ ಬರೆದವರ ಜಾಡಿನಲ್ಲೇ ಇದ್ದಾರೆ. ಆ ಅಗಲದ ಪದ ಹೆಣ್ಣುಮಕ್ಕಳ ಬಾಯಿಗೆ ಬಂದು ಒಂದು ಮನೆಯ ಹೆಸರಾಗಿ ನಿಂತ ಬಗೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ.

ತಾಯಿಯ ಊರು ‘ತಾಯೂರು’ ಆಗಿ, ಸವೆದು ‘ತವರು’ ಆಯಿತು ಎಂಬ ವಿವರಣೆ ಜನಜನಿತ. ಕೇಳಲು ಚೆಂದ, ಆದರೆ ನಂಬಲು ಕಷ್ಟ. ‘ತವರೂರು’ ಎಂಬ ಪದ ಇದೆಯಲ್ಲ, ತವರಿನೊಳಗೇ ಊರು ಸೇರಿಹೋಗಿದ್ದರೆ ಮತ್ತೊಂದು ಊರು ಯಾಕೆ ಬೇಕಿತ್ತು? ಗುಣಕ್ಕೆ ತವರು, ಕಲೆಗೆ ತವರು ಎಂದಾಗ ತಾಯಿಯ ಮಾತೇ ಬರುವುದಿಲ್ಲ. ತಮಿಳಿನ ಹಳೆಯ ಸಾಹಿತ್ಯದಲ್ಲಿ ‘ತಮರ್’ ಎಂಬ ಪದವಿದೆ. ತಮ್ಮವರು, ಬಂಧುಗಳು ಎಂದು ಅದರ ಅರ್ಥ. ಮ-ಕಾರ ವ-ಕಾರವಾಗುವುದು ಕನ್ನಡಕ್ಕೆ ಹೊಸದಲ್ಲ: ಹಳಗನ್ನಡದ ‘ತಾಮ್’ ನಮಗೆ ತಾವು, ‘ನಾಮ್’ ನಾವು, ಸಂಸ್ಕೃತದ ಕುಮಾರ ಕುವರ. ತಮರ್ ಪಕ್ಕದಲ್ಲಿ ತವರ್ ಇಟ್ಟು ನೋಡಿದರೆ ಎರಡೂ ಒಂದೇ ಬಳ್ಳಿಯವು ಎಂದು ನನಗೆ ತೋರುತ್ತದೆ. ಹಾಗಿದ್ದರೆ ತವರು ಎಂದರೆ ಮೊದಲಿಗೆ ಗೋಡೆ-ಸೂರಲ್ಲ, ತನ್ನವರು.

ನೆರೆಯ ಭಾಷೆಗಳು ಇದೇ ಮನೆಯನ್ನು ಬೇರೆ ಬೇರೆ ಕಡೆಯಿಂದ ಹೊಕ್ಕಿವೆ. ಮರಾಠಿಯ ಮಾಹೇರ್, ಹಿಂದಿಯ ಮಾಯ್ಕಾ ತಾಯಿಯ ಹೆಸರಿನವು. ಹಿಂದಿಯದೇ ಪೀಹರ್ ತಂದೆಯ ಹೆಸರಿನದು, ಬಂಗಾಳಿಯವರೂ ಅದನ್ನು ಅಪ್ಪನ ಮನೆ ಎಂದೇ ಕರೆಯುತ್ತಾರೆ. ತೆಲುಗಿನ ಪುಟ್ಟಿಲ್ಲು, ತಮಿಳಿನ ಪಿರಂದಗಂ ಹುಟ್ಟಿದ ಮನೆ. ಮಂಗಳೂರಿನ ಕೊಂಕಣಿಯ ಕುಳಾರ್‌ನಲ್ಲಿ ಕುಲವಿದೆ. ಕನ್ನಡದ ಪದದಲ್ಲಿ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಇಬ್ಬರೂ ತೀರಿಕೊಂಡ ಮೇಲೂ ಅದು ಉಳಿದುಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮದುವೆಗೆ ಮೊದಲು ಯಾವ ಹುಡುಗಿಗೂ ತವರಿಲ್ಲ. ಅವಳಿಗೆ ಇರುವುದು ಮನೆ. ತಾಳಿ ಕಟ್ಟಿದ ದಿನ ಅದೇ ಹೊಸ್ತಿಲು, ಅದೇ ಹಜಾರ, ಅದೇ ಹಿತ್ತಲು ಅವಳ ಪಾಲಿಗೆ ತವರಾಗುತ್ತದೆ, ಅವಳ ಅಣ್ಣನಿಗೆ ಮನೆಯಾಗಿಯೇ ಉಳಿಯುತ್ತದೆ. ಹೊರಡುವಾಗ ಅವಳಿಗೆ ಮಡಿಲು ತುಂಬುತ್ತಾರೆ, ಧಾರವಾಡದ ಕಡೆ ಉಡಿ ತುಂಬುವುದು ಎನ್ನುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅರಿಶಿನದ ಕೊಂಬು, ಒಂದು ಕಣ. ಹಲವು ಮನೆಗಳಲ್ಲಿ ಅವಳು ಆ ಅಕ್ಕಿಯಲ್ಲಿ ಒಂದು ಹಿಡಿಯನ್ನು ದೇವರ ಮುಂದೆಯೋ ಅಕ್ಕಿಯ ಡಬ್ಬಕ್ಕೋ ಹಿಂದಕ್ಕೆ ಹಾಕಿ ಹೊಸ್ತಿಲು ದಾಟುತ್ತಾಳೆ, ತವರು ಬರಿದಾಗಬಾರದು ಎಂದು. ಪಡೆದುಕೊಂಡು ಹೋಗುವವಳೇ ಆ ಮನೆಯ ತುಂಬುವಿಕೆಯನ್ನೂ ಕಾಯಬೇಕು.

ಈ ಪದದ ಜೀವ ಇರುವುದು ಅದರ ಕ್ರಿಯಾಪದಗಳಲ್ಲಿ. ‘ತವರಿಗೆ ಹೋಗಿದ್ದಾಳೆ’ ಎಂದರೆ ಹಬ್ಬ, ಬಾಣಂತನ, ಆಷಾಢ, ಎಲ್ಲವೂ ಸರಿಯಾಗಿದೆ. ‘ತವರಿಗೆ ಕಳಿಸಿದ್ದಾರೆ’ ಎಂದರೆ ದನಿ ತುಸು ತಗ್ಗುತ್ತದೆ. ‘ತವರು ಸೇರಿದಳು’ ಎಂದರೆ ಬೀದಿಗೆಲ್ಲ ಅರ್ಥವಾಯಿತು. ‘ತವರಿಗೆ ಬಂದು ಕೂತಳು’ ಎಂದರೆ ತೀರ್ಪೇ ಆಗಿಹೋಯಿತು. ಬಂದವಳು ಹಗಲಿಡೀ ಒಲೆಯ ಮುಂದೆ ನಿಂತು ದುಡಿಯುತ್ತಿದ್ದರೂ ಮಾತಿನಲ್ಲಿ ಅವಳು ಕೂತವಳೇ. ಕರೆಸಿಕೊಂಡು ಬರುವುದಕ್ಕೂ ತಾನಾಗಿ ಬರುವುದಕ್ಕೂ ಇರುವ ಅಂತರ ಹಬ್ಬಗಳಲ್ಲೂ ಇದೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಅಣ್ಣ ಬಂದು ಕರೆದೊಯ್ಯಬೇಕು. ಜೋಕಾಲಿ, ಉಂಡಿ, ಅರಳು ಎಲ್ಲ ಆಮೇಲಿನವು. ಹಳೆ ಮೈಸೂರಿನಲ್ಲಿ ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಬರಬೇಕು. ಗೌರಿಯೇ ಭಾದ್ರಪದ ತದಿಗೆಯಂದು ತವರಿಗೆ ಬರುತ್ತಾಳೆ, ಮರುದಿನ ಮಗ ಗಣಪ ಕರೆದೊಯ್ಯಲು ಬಂದೇ ಬಿಡುತ್ತಾನೆ. ದೇವಿಗೂ ತವರಿನಲ್ಲಿ ಸಿಕ್ಕುವುದು ಎಣಿಸಿದ ದಿನಗಳು.

ಬಂದು ಕೂತವಳ ಮೇಲಿನ ಈ ತೀರ್ಪು ಹಳೆಯದು. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ಕಣ್ವರ ಶಿಷ್ಯ ಶಾರ್ಙ್ಗರವ ದುಷ್ಯಂತನಿಗೆ ಹೇಳುವುದೂ ಇದನ್ನೇ: ಗಂಡನಿರುವ ಹೆಣ್ಣು ತನ್ನವರ ಮನೆಯಲ್ಲೇ ಇದ್ದರೆ, ಎಷ್ಟೇ ಸಾಧ್ವಿಯಾಗಿದ್ದರೂ ಜನ ಸಂಶಯಪಡುತ್ತಾರೆ. ಹಾಗಾಗಿ ಗಂಡನಿಗೆ ಬೇಡವಾದರೂ ಅವಳು ಅವನ ಬಳಿಯೇ ಇರಲಿ ಎಂದು ಬಂಧುಗಳು ಬಯಸುತ್ತಾರೆ. ಕರಾವಳಿಯ ಅಳಿಯಸಂತಾನ ಕುಟುಂಬಗಳಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಕುಲ ನಡೆಯುವುದು ಹೆಣ್ಣಿನಿಂದ. ತಾಯಿಯ ಕಡೆಯ ಮನೆಗೆ ಮಗಳು ಮರಳಿದರೆ ಅವಳು ಅತಿಥಿಯಾಗಿ ಬಂದವಳಲ್ಲ, ಕುಟುಂಬದ ಬೇರೇ ಅವಳು.

ಜನಪದ ತ್ರಿಪದಿಗಳು ಹೋಗುವವಳ ತವರನ್ನು ಮನದುಂಬಿ ಹಾಡಿದವು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ತೆರೆದರೆ ಹಾದಿ ಕಾಯುವ, ಹರಸುವ, ಅಣ್ಣತಮ್ಮಂದಿರನ್ನು ನೆನೆಯುವ ಹೆಣ್ಣು ಎದುರಾಗುತ್ತಾಳೆ. ಬಂದು ಕೂತವಳ ಬೆಳಗು ಸಂಜೆಗಳು, ಅವಳ ಪಕ್ಕದಲ್ಲೇ ಒಲೆ ಹಚ್ಚುವ ಅತ್ತಿಗೆಯ ಮುಖ, ಅಪ್ಪನ ಮೌನ ಇವುಗಳಿಗೆ ದೀರ್ಘವಾದ ಗದ್ಯವೇ ಬೇಕಿತ್ತು. ಅದನ್ನು ಕೊಟ್ಟದ್ದು ಕಾದಂಬರಿ. ಕೊಟ್ಟವರು ಬಹುಪಾಲು ಹೆಣ್ಣುಮಕ್ಕಳು.

1913ರಲ್ಲಿ ‘ಸುಶೀಲೆ’ ಪ್ರಕಟಿಸಿದ ನಂಜನಗೂಡು ತಿರುಮಲಾಂಬ (1887–1982) ಬಾಲ್ಯದಲ್ಲೇ ವಿಧವೆಯಾಗಿ ತಂದೆಯ ಮನೆಯಲ್ಲಿ ಉಳಿದವರು. ಅಲ್ಲಿಂದಲೇ ಅವರು ‘ಸತೀಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರತಂದರು. ಹೊಸಗನ್ನಡದ ಹೆಣ್ಣು ಕಾದಂಬರಿ ಶುರುವಾದದ್ದೇ ಲೋಕದ ಮಾತಿನಲ್ಲಿ ‘ತವರಿನಲ್ಲಿ ಕೂತ’ ಹೆಣ್ಣಿನ ಮೇಜಿನಿಂದ. ನಮ್ಮ ಸಾಹಿತ್ಯ ಚರಿತ್ರೆಗಳು ಈ ಸಂಗತಿಗೆ ಇನ್ನೂ ಹೆಚ್ಚು ಪುಟ ಕೊಡಬೇಕಿತ್ತು. ತ್ರಿವೇಣಿಯವರ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ಎಳೆಯ ವಿಧವೆ ಮಗಳು ತಂದೆಯ ಮನೆಯಲ್ಲಿದ್ದಾಳೆ, ಚಿಗುರುವುದು ಅವಳ ಬದುಕು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ತವರಿನಲ್ಲೇ ನೂರು ದಾಟಿದವಳು. ತನಗೆ ಮಡಿಲು ತುಂಬದಿದ್ದರೂ ಊರವರ ಹೆರಿಗೆಗಳಿಗೆ ನೆರವಾದವಳು. ವೈದೇಹಿಯವರ ಸಣ್ಣಕಥೆಯ ‘ಅಕ್ಕು’ ತುಂಬಿದ ಮನೆಯ ನಡುವೆ ಹುಚ್ಚಿ ಎನಿಸಿಕೊಂಡು, ಆ ಹುಚ್ಚಿನ ಮಾತಿನಲ್ಲೇ ಎಲ್ಲರ ಗುಟ್ಟು ಬಿಚ್ಚುತ್ತಾಳೆ.

ಇವರೆಲ್ಲ ವಿಮರ್ಶೆ ಗುರುತಿಸಿದ ಹೆಸರುಗಳು. ನಾನು ಅಷ್ಟೇ ಪ್ರೀತಿಯಿಂದ ನೆನೆಯಬೇಕೆಂದಿರುವುದು ಹಗುರ ಕಾದಂಬರಿಗಳನ್ನು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಶುರುವಾದವು. ವಾರವಾರದ ಧಾರಾವಾಹಿ, ತಿಂಗಳಿಗೊಂದು ಕಾದಂಬರಿ ಕೊಡುವ ಪತ್ರಿಕೆಗಳು, ಬೀದಿ ಮೂಲೆಯ ಬಾಡಿಗೆ ಲೈಬ್ರರಿ, ಇವುಗಳ ಸುತ್ತ ಓದುಗಿಯರ ದೊಡ್ಡ ಬಳಗ ಬೆಳೆಯಿತು. ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ ಅವರ ಪುಸ್ತಕಗಳ ರಟ್ಟು ಸವೆದು ಮೂಲೆ ಮಡಚಿರುತ್ತಿತ್ತು. ಆ ಬಗೆಯ ಕಥೆಗಳಲ್ಲಿ ಎಷ್ಟೊಂದು ತವರಿನಲ್ಲೇ ತೆರೆದುಕೊಳ್ಳುತ್ತಿದ್ದವು! ಒಂದು ಸೂಟ್‌ಕೇಸಿನೊಂದಿಗೆ ಅವಳು ಬಸ್ಸಿಳಿಯುತ್ತಾಳೆ. ಎದುರು ಮನೆಯವರು ‘ಯಾವಾಗ ಬಂದೆಯೇ?’ ಎನ್ನುತ್ತಾರೆ. ಉತ್ತರ ಮುಗಿಯುವ ಮೊದಲೇ ‘ಎಷ್ಟು ದಿನ ಇರ್ತೀಯ?’ ಎನ್ನುತ್ತಾರೆ. ಎರಡನೆಯ ಪ್ರಶ್ನೆಗೆ ಅವಳು ತಡವರಿಸಿದರೆ ಕಥೆ ಶುರುವಾಯಿತೆಂದೇ ಲೆಕ್ಕ.

ಇಂಥ ಕಥೆಗಳ ಅಡುಗೆಮನೆಯನ್ನು ನಾನು ತುಂಬ ನಂಬುತ್ತೇನೆ. ಬೆಳಿಗ್ಗೆ ಎದ್ದವಳು ತಾನೇ ಕಾಫಿ ಬೆರೆಸಿಕೊಳ್ಳಲು ಹೋಗುತ್ತಾಳೆ. ಪುಡಿಯ ಡಬ್ಬ ಮೊದಲಿದ್ದ ಗೂಡಿನಲ್ಲಿಲ್ಲ. ಅತ್ತಿಗೆ ಎಲ್ಲವನ್ನೂ ತನ್ನ ಕೈಯಳತೆಗೆ ಬದಲಿಸಿಕೊಂಡಿದ್ದಾಳೆ, ಅದು ಅವಳ ಮನೆ. ‘ಅತ್ತಿಗೆ, ಪುಡಿ ಎಲ್ಲಿಟ್ಟಿದ್ದೀರಿ?’ ಎಂದು ಕೇಳಬೇಕು. ಆ ಪ್ರಶ್ನೆ ಕೇಳಿದ ಗಳಿಗೆಯಿಂದ ನಾದಿನಿಗೆ ತಾನು ಯಾರೆಂಬುದು ಗೊತ್ತಾಗುತ್ತದೆ. ಅತ್ತಿಗೆಗೂ ಒಂದು ತವರಿದೆ, ಅಲ್ಲೂ ಯಾರೋ ಡಬ್ಬದ ಜಾಗ ಬದಲಿಸಿದ್ದಾರೆ. ಒಳ್ಳೆಯ ಲೇಖಕಿಯರು ಇದನ್ನು ಮರೆಯಲಿಲ್ಲ. ಅತ್ತಿಗೆಯನ್ನು ಕೇಡಿಯನ್ನಾಗಿ ಮಾಡದೆ, ಇಬ್ಬರನ್ನೂ ಒಂದೇ ಒಲೆಯ ಮುಂದೆ ನಿಲ್ಲಿಸಿ ಬರೆದರು. ಸಿನಿಮಾ ಇಷ್ಟು ತಾಳ್ಮೆ ತೋರಿಸಲಿಲ್ಲ. 2002ರ ‘ತವರಿಗೆ ಬಾ ತಂಗಿ’ ಚಿತ್ರಮಂದಿರಗಳಲ್ಲಿ ಹೆಂಗಸರ ಕಣ್ಣು ತೇವ ಮಾಡಿತು, ನಿಜ. ಆದರೆ ಅಲ್ಲಿ ತವರು ಎಂದರೆ ಅಣ್ಣನ ಎದೆ. ಡಬ್ಬ, ಗೂಡು, ಬೀಗದ ಕೈಗಳ ತವರು ಉಳಿದದ್ದು ಕಾದಂಬರಿಗಳಲ್ಲೇ.

ಕಾನೂನಿನ ಭಾಷೆಯಲ್ಲಿ ತವರು ಎಂಬ ಪದವಿಲ್ಲ. ಆದರೆ ಬಂದು ಕೂತವಳು ಅಲ್ಲಿದ್ದಾಳೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೆಯ ಕಲಮಿನ ಪ್ರಕಾರ, ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಕುಟುಂಬ ವಾಸವಿರುವ ಮನೆಯಲ್ಲಿ ಹೆಣ್ಣುಮಗಳು ಪಾಲು ಕೇಳುವಂತಿರಲಿಲ್ಲ. ಅಲ್ಲಿ ಇರಲು ಹಕ್ಕಿದ್ದ ಮಗಳು ನಾಲ್ಕು ಬಗೆಯವಳು: ಮದುವೆಯಾಗದವಳು, ಗಂಡ ತೊರೆದವಳು, ಗಂಡನಿಂದ ಬೇರೆಯಾದವಳು, ವಿಧವೆ. ಬೀದಿಯ ಮಾತು ಮಾಡಿದ್ದ ವಿಂಗಡಣೆಯನ್ನೇ ಸಂಸತ್ತು ಬರೆದಿಟ್ಟಿತ್ತು. ಕರ್ನಾಟಕ 1994ರಲ್ಲಿ ಒಂದು ಹೆಜ್ಜೆ ಮುಂದಿಟ್ಟು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಅಲ್ಲೂ ಉಳಿಯಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ 23ನೆಯ ಕಲಮನ್ನು ತೆಗೆದುಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಂದಿನಿಂದ ತವರಿಗೆ ಹೋಗುವ ದಾರಿಯಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯೂ ಸಿಗುತ್ತಿದೆ. ಅಣ್ಣ ಫೋನ್ ಮಾಡುತ್ತಾನೆ, ‘ಒಂದ್ಸಲ ಬಂದು ಹೋಗಮ್ಮ, ಒಂದು ಸೈನ್ ಬೇಕಿತ್ತು.’ ಅದು ಹಕ್ಕು ಬಿಡುಗಡೆ ಪತ್ರ. ಹಳೆ ಮೈಸೂರಿನ ಪತ್ರಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು ಬರೆಯುವುದು ರೂಢಿ. ಅಪ್ಪನ ಆಸ್ತಿಯ ಕಾಗದದಲ್ಲೂ ಅವಳು ಗಂಡನ ಹೆಸರಿನ ಮೂಲಕವೇ ಒಳಗೆ ಬರುತ್ತಾಳೆ. ಸಹಿ ಹಾಕಿದವಳಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ಹಾಕದವಳಿಗೆ ಗೌರಿಹಬ್ಬದ ಬಾಗಿನ ನಿಂತಿತು. ಪಾಲು ಕೇಳಿದರೆ ತವರು ಹೋಯಿತು ಎಂಬ ಮಾತನ್ನು ಹೆಂಗಸರೇ ಹೆಂಗಸರಿಗೆ ಹೇಳಿಕೊಡುತ್ತಾರೆ. ತನ್ನವರು ಎಂಬ ಅರ್ಥದಿಂದ ಹೊರಟಿತೆಂದು ನಾನು ನಂಬುವ ಪದವನ್ನು ಹೀಗೆ ಮುಚ್ಚಳಿಕೆಯಾಗಿ ಬಳಸುವುದು ನನಗೆ ಸಹಿಸಲಾಗದ ಸಂಗತಿ. ಪಾಲು ಕೇಳಿದ ತಂಗಿಯ ಕಥೆಯನ್ನು ಅವಳ ಕಡೆಯಿಂದ, ಅದೇ ಹಗುರ ಕೈಯಿಂದ ಬರೆಯುವ ಕಾದಂಬರಿಗಳು ಇನ್ನೂ ಬರಬೇಕು.

ನಗರದ ಹುಡುಗಿಯರು ಈಗ ತವರು ಎನ್ನುವುದು ಕಡಿಮೆ. ‘ಅಮ್ಮನ ಮನೆಗೆ ಹೋಗಿದ್ದೆ’ ಎನ್ನುತ್ತಾರೆ. ಅಮ್ಮನಿಲ್ಲದ ವರ್ಷ ಅದು ಅಣ್ಣನ ಮನೆಯಾಗುತ್ತದೆ, ಫ್ಲ್ಯಾಟು ಮಾರಿದರೆ ಆ ಹೆಸರೂ ಇಲ್ಲ. ಹಳ್ಳಿಗಳಲ್ಲಿ ಇನ್ನೊಂದು ರೂಢಿಯಿದೆ. ಸೊಸೆಯನ್ನು ಅವಳ ಹೆಸರಿನಿಂದ ಕರೆಯದೆ ತವರೂರಿನಿಂದ ಕರೆಯುತ್ತಾರೆ: ಮದ್ದೂರೋಳು, ಅರಸೀಕೆರೆಯೋಳು. ಐವತ್ತು ವರ್ಷ ಸಂಸಾರ ಮಾಡಿ, ಮೊಮ್ಮಕ್ಕಳ ಮದುವೆಗಳಿಗೆ ಯಜಮಾನಿಕೆ ನಡೆಸಿ, ತವರಿನಲ್ಲಿ ಕರೆಯುವವರು ಒಬ್ಬರೂ ಉಳಿಯದ ಮೇಲೂ ಗಂಡನ ಊರಿನಲ್ಲಿ ಅವಳು ಮದ್ದೂರೋಳೇ.