ರಕ್ಷಿಸಿದ ಹಕ್ಕಿ ಯಾರದು?

ಪ್ರತಿವರ್ಷ ಜನವರಿ 14ರಂದು ಗುಜರಾತಿನಲ್ಲಿ ಉತ್ತರಾಯಣದ ರಜೆ. ಅಹಮದಾಬಾದಿನ ಹಳೆಯ ಓಣಿಗಳಲ್ಲಿ ಅಂದು ಮನೆಯೊಳಗೆ ಇರುವವರು ಕಡಿಮೆ. ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಮಾಳಿಗೆಯ ಮೇಲಿರುತ್ತಾರೆ. ಆಕಾಶದ ತುಂಬ ಗಾಳಿಪಟಗಳು. ಎದುರಾಳಿಯ ಪಟವನ್ನು ಕತ್ತರಿಸಲೆಂದು ದಾರಕ್ಕೆ ಅಂಟಿನೊಡನೆ ಗಾಜಿನ ಪುಡಿಯನ್ನು ಲೇಪಿಸಿರುತ್ತಾರೆ. ಅದಕ್ಕೆ ಮಾಂಜಾ ಎಂದು ಹೆಸರು. ಮುಂಜಾನೆ ಆಹಾರಕ್ಕೆ ಹೊರಡುವ ಮತ್ತು ಸಂಜೆ ಗೂಡಿಗೆ ಮರಳುವ ಹಕ್ಕಿಗಳಿಗೆ ಈ ದಾರ ಕಾಣುವುದಿಲ್ಲ. ರೆಕ್ಕೆ ಸೀಳಿದ ಪಾರಿವಾಳ, ಗಿಳಿ, ಹದ್ದುಗಳು ಅದೇ ಮಾಳಿಗೆಗಳ ಮೇಲೆ ಬೀಳುತ್ತವೆ. ದಾರ ಹಿಡಿದಿದ್ದ ಕೈಯೇ ಅದನ್ನು ಬಿಟ್ಟು ಹಕ್ಕಿಯನ್ನು ಎತ್ತಿಕೊಳ್ಳುವ ಪ್ರಸಂಗಗಳು ಅಲ್ಲಿ ಅಪರೂಪವಲ್ಲ.

ಬಿದ್ದ ಹಕ್ಕಿಯನ್ನು ಎತ್ತಿಕೊಳ್ಳಬೇಕೆಂಬುದನ್ನು ಯಾವ ಶ್ರಾವಕನಿಗೂ ಕಲಿಸಬೇಕಾಗಿಲ್ಲ. ವಿಚಾರ ಮಾಡಬೇಕಾದದ್ದು ಅನಂತರದ ವಿಷಯ. ಎತ್ತಿಕೊಂಡ ಕ್ಷಣದಿಂದ ಆ ಹಕ್ಕಿಗೂ ಎತ್ತಿಕೊಂಡವನಿಗೂ ಏರ್ಪಡುವ ಸಂಬಂಧ ಎಂತಹದು? ಅದು ಅವನದಾಯಿತೇ? ಈ ಪ್ರಶ್ನೆಗೆ ನಮ್ಮ ದೇಶದ ಪಕ್ಷಿ ಚಿಕಿತ್ಸಾಲಯಗಳ ಇತಿಹಾಸವೂ ಪುರಾಣಗಳೂ ಒಂದೇ ದಿಕ್ಕಿನ ಉತ್ತರವನ್ನು ಕೊಡುತ್ತವೆ.

ಪ್ರಾಣಿಗಳ ಚಿಕಿತ್ಸೆಯನ್ನು ರಾಜ್ಯದ ಕರ್ತವ್ಯವೆಂದು ಕಲ್ಲಿನಲ್ಲಿ ಬರೆಯಿಸಿದ ಮೊದಲ ಭಾರತೀಯ ಅರಸ ಅಶೋಕ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅವನ ಎರಡನೆಯ ಬಂಡೆ ಶಾಸನವು ಮನುಷ್ಯರ ಚಿಕಿತ್ಸೆ ಮತ್ತು ಪ್ರಾಣಿಗಳ ಚಿಕಿತ್ಸೆ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಈ ಶಾಸನದ ಒಂದು ಪ್ರತಿ ನೇಮಿನಾಥ ತೀರ್ಥಂಕರರ ನಿರ್ವಾಣಕ್ಷೇತ್ರವಾದ ಗಿರನಾರಿನ ಬುಡದಲ್ಲಿಯೇ ಇರುವುದು ಗಮನಾರ್ಹ. ಅವನ ಐದನೆಯ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯೊಂದಿದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸಗಳು ಅದರಲ್ಲಿ ಸೇರಿವೆ.

ರಾಜಾಜ್ಞೆಯಾಗಿದ್ದ ಈ ದಯೆಯನ್ನು ನಿತ್ಯದ ವ್ಯವಸ್ಥೆಯನ್ನಾಗಿ ಮಾಡಿದವರು ಗುಜರಾತಿನ ವರ್ತಕರು. ಅವರು ತಮ್ಮ ಸರಕಿನ ಮೇಲೆ ತಾವೇ ವಿಧಿಸಿಕೊಂಡ ಲಾಗಾ ಎಂಬ ವಂತಿಗೆಯಿಂದ ಪಿಂಜರಾಪೋಲುಗಳನ್ನು ನಡೆಸಿದರು. 1583ರಲ್ಲಿ ಇಂಗ್ಲೆಂಡಿನಿಂದ ಹೊರಟ ರಾಲ್ಫ್ ಫಿಚ್ ಎಂಬ ವ್ಯಾಪಾರಿ, ಖಂಭಾತ್ ಪ್ರದೇಶದಲ್ಲಿ ನಾಯಿ, ಬೆಕ್ಕು ಮತ್ತು ಹಕ್ಕಿಗಳಿಗೆ ಆಸ್ಪತ್ರೆಗಳಿರುವುದನ್ನು ಆಶ್ಚರ್ಯದಿಂದ ದಾಖಲಿಸಿದ್ದಾನೆ.

ಇದಕ್ಕಿಂತ ವಿವರವಾದ ವರ್ಣನೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯದು. ಅವನು 1623ರಲ್ಲಿ ಖಂಭಾತಿಗೆ ಬಂದು ಅಲ್ಲಿಯ ಪಕ್ಷಿಗಳ ಆಸ್ಪತ್ರೆಯನ್ನು ಕಣ್ಣಾರೆ ಕಂಡನು. ಮನೆ ಚಿಕ್ಕದು, ಆದರೆ ಅದರೊಳಗೆ ಕೋಳಿ, ಪಾರಿವಾಳ, ನವಿಲು, ಬಾತು ಮತ್ತು ಸಣ್ಣ ಹಕ್ಕಿಗಳು ಆರೈಕೆ ಪಡೆಯುತ್ತಿದ್ದವು. ಕುಂಟಾದವು, ರೋಗ ಬಂದವು, ಸಂಗಾತಿಯನ್ನು ಕಳೆದುಕೊಂಡವು ಎಲ್ಲಕ್ಕೂ ಅಲ್ಲಿ ಸ್ಥಳವಿತ್ತು. ಅವನು ದಾಖಲಿಸಿರುವ ಒಂದು ನಿಯಮವನ್ನು ಇಂದಿಗೂ ನೆನೆಯಬೇಕು. ಗುಣವಾದ ಹಕ್ಕಿ ಕಾಡಿನದಾದರೆ ಅದನ್ನು ಹಾರಿಬಿಡುತ್ತಿದ್ದರು. ಸಾಕುಹಕ್ಕಿಯಾದರೆ ಧರ್ಮಬುದ್ಧಿಯುಳ್ಳ ಗೃಹಸ್ಥನೊಬ್ಬನಿಗೆ ಒಪ್ಪಿಸುತ್ತಿದ್ದರು. ಹೊರಗೆ ಬದುಕಬಲ್ಲದ್ದು ಯಾವುದು, ಮನುಷ್ಯನ ಆಸರೆಯಿಲ್ಲದೆ ಬದುಕಲಾರದ್ದು ಯಾವುದು ಎಂಬ ವಿವೇಚನೆ ಸುಮಾರು 400 ವರ್ಷಗಳ ಹಿಂದೆಯೇ ಅಲ್ಲಿತ್ತು.

ಅದೇ ಮನೆಯಲ್ಲಿ ದೆಲ್ಲಾ ವಾಲ್ಲೆ ಇನ್ನೊಂದು ದೃಶ್ಯವನ್ನು ಕಂಡನು. ಬಿಳಿ ಗಡ್ಡದ ವೃದ್ಧನೊಬ್ಬ ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು, ಪೆಟ್ಟಿಗೆಯೊಂದರಲ್ಲಿ ಹತ್ತಿಯ ನಡುವೆ ಮಲಗಿಸಿದ್ದ ತಾಯಿಯಿಲ್ಲದ ಇಲಿಮರಿಗಳಿಗೆ ಹಕ್ಕಿಯ ಗರಿಯಿಂದ ಹಾಲು ಕುಡಿಸುತ್ತಿದ್ದನು. ಅವು ದೊಡ್ಡವಾದ ಮೇಲೆ ಏನು ಮಾಡುವನೆಂಬುದನ್ನೂ ಅವನು ಪ್ರವಾಸಿಗೆ ತಿಳಿಸಿದನು: ಇಷ್ಟಬಂದ ಕಡೆಗೆ ಹೋಗಲು ಬಿಡುವುದು.

ಖಂಭಾತಿನ ಈ ನಿಯಮಕ್ಕೆ ಶಾಸ್ತ್ರದ ಬೆಂಬಲವಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಬರುತ್ತವೆ. ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಇವು ಅತಿಚಾರಗಳೆಂದು ಯಾರಾದರೂ ಒಪ್ಪುವರು. ಆದರೆ ಇವೆಲ್ಲಕ್ಕಿಂತ ಮೊದಲು ಸೂತ್ರಕಾರರು ಇಟ್ಟಿರುವುದು ಬಂಧವನ್ನು, ಎಂದರೆ ಜೀವಿಯನ್ನು ಕಟ್ಟಿಹಾಕುವುದನ್ನು. ಹೊಡೆಯುವವನಿಗೆ ತಾನು ಹೊಡೆಯುತ್ತಿರುವುದು ಗೊತ್ತಿರುತ್ತದೆ. ಕಟ್ಟಿಹಾಕುವವನು ಅನೇಕ ವೇಳೆ ತಾನು ಪ್ರೀತಿಸುತ್ತಿದ್ದೇನೆಂದೇ ತಿಳಿದಿರುತ್ತಾನೆ.

ಜೀವಂಧರನ ಕಥೆ ಕನ್ನಡಿಗರಿಗೆ ಹೊಸದಲ್ಲ. ಭಾಸ್ಕರಕವಿ 1424ರಲ್ಲಿ ಅದನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನು. ಜೀವಂಧರ ಹುಟ್ಟುವಾಗಲೇ ತಂದೆಯನ್ನು ಕಳೆದುಕೊಂಡು, ತಾಯಿಯಿಂದ ಅಗಲಿ, ಬೇರೊಬ್ಬರ ಮನೆಯಲ್ಲಿ ಬೆಳೆಯುತ್ತಾನೆ. ಇಂತಹ ಪುಣ್ಯಪುರುಷನಿಗೆ ಈ ಅಗಲಿಕೆ ಏಕೆ ಎಂಬುದಕ್ಕೆ ಪುರಾಣಕಾರರು ಪೂರ್ವಭವದ ಘಟನೆಯೊಂದನ್ನು ಹೇಳುತ್ತಾರೆ. ರಾಜಕುಮಾರನಾಗಿದ್ದಾಗ ಅವನು ಸಾಕುವ ಆಸೆಯಿಂದ ಹಂಸದ ಮರಿಯೊಂದನ್ನು ತಾಯಿತಂದೆಗಳಿಂದ ಬೇರ್ಪಡಿಸಿದ್ದನು. ಮರಿಯನ್ನು ಹಿಂಸಿಸುವ ಉದ್ದೇಶ ಅವನಿಗಿರಲಿಲ್ಲ. ಹಿರಿಯರು ತಿಳಿಹೇಳಿದೊಡನೆ ಅವನು ಪಶ್ಚಾತ್ತಾಪಪಟ್ಟನು. ಆದರೂ ಅಗಲಿಸಿದ ಕರ್ಮವು ಅಗಲಿಕೆಯಾಗಿಯೇ ಫಲಿಸಿತು. ಗಾಯ ಮಾಗಿದ ಗಿಳಿಗೆ ಪಂಜರ ತರಿಸುವ ಮನೆಯವರು ಈ ಕಥೆಯನ್ನು ಒಮ್ಮೆ ನೆನೆಯಬೇಕು. ಮಕ್ಕಳಿಗೆ ಅದು ಒಗ್ಗಿಹೋಗಿದೆ ಎನ್ನುತ್ತಾರೆ. ಹಕ್ಕಿಗೆ ಪಂಜರ ಒಗ್ಗಿದೆಯೇ ಎಂದು ಕೇಳುವವರಿಲ್ಲ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ರಕ್ಷಿಸಿದ ಹಕ್ಕಿ ಆಸ್ತಿಯ ಬದಿಯಲ್ಲಿ ಬರೆಯತಕ್ಕ ಲೆಕ್ಕವಲ್ಲ, ಅದು ಠೇವಣಿ. ಠೇವಣಿಯನ್ನು ಜೋಪಾನ ಮಾಡಬೇಕು, ಕೇಳಿದಾಗ ಹಿಂದಿರುಗಿಸಬೇಕು. ಇಲ್ಲಿ ಹಿಂದಕ್ಕೆ ಕೇಳುವುದು ಆಕಾಶ. ಅಹಿಂಸೆ ಎತ್ತಿಕೊಂಡದ್ದನ್ನು ಪರಿಗ್ರಹ ಇಟ್ಟುಕೊಳ್ಳಬಾರದು.

ಈ ತತ್ತ್ವವನ್ನು ಇಂದಿಗೂ ಪಾಲಿಸುತ್ತಿರುವ ಪ್ರಸಿದ್ಧ ಸ್ಥಳ ದೆಹಲಿಯಲ್ಲಿದೆ. ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದ ಪಕ್ಷಿ ಚಿಕಿತ್ಸಾಲಯವು ತನ್ನ ಆರಂಭವನ್ನು 1929ಕ್ಕೆ ಒಯ್ಯುತ್ತದೆ. 1950ರ ದಶಕದಲ್ಲಿ ಅದಕ್ಕೆ ಈಗಿನ ರೂಪ ಬಂದುದು ಆಚಾರ್ಯ ದೇಶಭೂಷಣ ಮಹಾರಾಜರ ಪ್ರೇರಣೆಯಿಂದ. ಬೆಳಗಾವಿ ಜಿಲ್ಲೆಯ ಕೋಥಳಿಯಲ್ಲಿ ಜನಿಸಿದ ಆಚಾರ್ಯರ ಮಾತು ರಾಜಧಾನಿಯ ಮೂಕಪಕ್ಷಿಗಳಿಗೆ ನೆರಳಾಯಿತೆಂಬುದು ಕನ್ನಡನಾಡಿನ ಜೈನರಿಗೆ ಹೆಮ್ಮೆಯ ಸಂಗತಿ. ಅಲ್ಲಿ ಚಿಕಿತ್ಸೆಗೆ ಶುಲ್ಕವಿಲ್ಲ. ಗುಣವಾದ ಹಕ್ಕಿಯನ್ನು ಪಂಜರಕ್ಕೆ ಮರಳಿಸದೆ ಛಾವಣಿಯಿಂದ ಹಾರಿಬಿಡುವುದು ಅಲ್ಲಿಯ ಪದ್ಧತಿ.

ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಹದ್ದು, ಗಿಡುಗಗಳಂತಹ ಮಾಂಸಾಹಾರಿ ಪಕ್ಷಿಗಳಿಗೆ ಆ ಚಿಕಿತ್ಸಾಲಯದಲ್ಲಿ ಹೊರರೋಗಿಗಳಾಗಿ ಚಿಕಿತ್ಸೆಯುಂಟು. ಇತರ ಹಕ್ಕಿಗಳೊಡನೆ ಒಳಗೆ ಇರಿಸಿಕೊಳ್ಳುವುದಿಲ್ಲ. ಇದಕ್ಕೆ ಕಾರಣವಿದೆ. ಮಂದಿರದ ಆವರಣದಲ್ಲಿ ಮಾಂಸ ಉಣಿಸಲಾಗದು. ಪಾರಿವಾಳಗಳ ನಡುವೆ ಗಿಡುಗವನ್ನಿಟ್ಟರೆ ಪಾರಿವಾಳಗಳಿಗೆ ರಕ್ಷಣೆಯಿಲ್ಲ. ಒಂದು ಜೀವವನ್ನು ಉಳಿಸಲು ಇನ್ನೊಂದರ ಮಾಂಸವನ್ನು ಕೊಡಬೇಕಾದರೆ ಶ್ರಾವಕ ಏನು ಮಾಡಬೇಕು? ಈ ಸಂದಿಗ್ಧ ಹೊಸದೇನೂ ಅಲ್ಲ. ಶಾಂತಿನಾಥ ತೀರ್ಥಂಕರರು ಪೂರ್ವಭವದಲ್ಲಿ ಮೇಘರಥ ರಾಜನಾಗಿದ್ದಾಗ, ಶರಣು ಬಂದ ಪಾರಿವಾಳ ಒಂದು ಕಡೆ, ಹಸಿದ ಗಿಡುಗ ಇನ್ನೊಂದು ಕಡೆ ನಿಂತಿದ್ದವು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ನಿರೂಪಣೆಯಲ್ಲಿ ಮೇಘರಥನು ಪಾರಿವಾಳಕ್ಕೆ ಬದಲಾಗಿ ತನ್ನ ಮಾಂಸವನ್ನೇ ಕೊಡಲು ಮುಂದಾಗುತ್ತಾನೆ. ಗಿಡುಗವೂ ಹಸಿದ ಜೀವಿಯೇ ಎಂಬುದನ್ನು ಅವನು ಅಲ್ಲಗಳೆಯಲಿಲ್ಲ.

ದೆಹಲಿಯಲ್ಲಿಯೇ ಈ ಪ್ರಶ್ನೆಗೆ ಬೇರೆ ಸಮುದಾಯದ ಇಬ್ಬರು ಸಹೋದರರು ಉತ್ತರ ಹುಡುಕಿದರು. ನದೀಮ್ ಶೆಹಜಾದ್ ಮತ್ತು ಮೊಹಮ್ಮದ್ ಸೌದ್ ತಮ್ಮ ತಾರುಣ್ಯದಲ್ಲಿ ಗಾಯಗೊಂಡ ಹದ್ದೊಂದನ್ನು ಚಿಕಿತ್ಸಾಲಯಕ್ಕೆ ಒಯ್ದಾಗ, ಅದು ಮಾಂಸಾಹಾರಿಯೆಂಬ ಕಾರಣಕ್ಕೆ ಅದನ್ನು ಸ್ವೀಕರಿಸಲಿಲ್ಲ. ಅನಂತರ ಅವರು ತಮ್ಮ ಮನೆಯಲ್ಲಿಯೇ ಹದ್ದುಗಳ ಆರೈಕೆಯನ್ನು ಆರಂಭಿಸಿ 2010ರಲ್ಲಿ ಅದಕ್ಕೆ ಸಂಸ್ಥೆಯ ರೂಪ ಕೊಟ್ಟರು. ಅವರ ಸೇವೆಯನ್ನು ಕುರಿತ ಸಾಕ್ಷ್ಯಚಿತ್ರವೊಂದು 2022ರಲ್ಲಿ ಕಾನ್ ಚಲನಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಮಾಂಜಾ ದಾರದಿಂದ ರೆಕ್ಕೆ ಕತ್ತರಿಸಿಕೊಂಡ ಹದ್ದುಗಳೇ ಅವರ ಬಳಿಗೆ ಹೆಚ್ಚಾಗಿ ಬರುತ್ತವೆ.

ಈ ಸಂಗತಿಯನ್ನು ಓದಿ ಚಿಕಿತ್ಸಾಲಯದ ನಿಯಮವನ್ನು ನಿಂದಿಸುವುದು ಸುಲಭ. ಸಮರ್ಥಿಸಿ ಸುಮ್ಮನಾಗುವುದೂ ಸುಲಭ. ಎರಡೂ ಸಾಲದು. ಮಹಾವೀರ ಸ್ವಾಮಿಯ ಜೀವವು ಒಂದು ಭವದಲ್ಲಿ ಸಿಂಹವಾಗಿ, ಬೇಟೆಯ ಜಿಂಕೆಯನ್ನು ಹಿಡಿದಿದ್ದಾಗಲೇ ಇಬ್ಬರು ಚಾರಣ ಮುನಿಗಳು ಆಕಾಶದಿಂದಿಳಿದು ಅದಕ್ಕೆ ಉಪದೇಶಿಸಿದರೆಂದು ದಿಗಂಬರ ಪುರಾಣಗಳು ಹೇಳುತ್ತವೆ. ಸಿಂಹದ ಆಹಾರವನ್ನು ನೋಡಿ ಮುನಿಗಳು ದೂರ ಸರಿದಿದ್ದರೆ? ಹದ್ದೂ ಪಂಚೇಂದ್ರಿಯ ಜೀವಿ. ಅದರ ನೋವು ಪಾರಿವಾಳದ ನೋವಿಗಿಂತ ಕಡಿಮೆಯದಲ್ಲ. ಮಾಂಸ ಉಣಿಸುವುದು ವ್ರತಿಯಾದ ಗೃಹಸ್ಥನಿಗೆ ಆಗದ ಮಾತಾದರೆ, ರಕ್ತ ನಿಲ್ಲಿಸಿ, ಪೆಟ್ಟಿಗೆಯಲ್ಲಿಟ್ಟು, ಆರೈಕೆ ಮಾಡಬಲ್ಲವರ ಕೈಗೆ ಅದೇ ದಿನ ತಲುಪಿಸುವುದು ಅವನಿಗೆ ಆಗುವ ಮಾತು. ಬಾಗಿಲಿನಲ್ಲಿಯೇ ತಿರುಗಿಸಿ ಕಳುಹಿಸುವುದಕ್ಕೂ ಇನ್ನೊಂದು ಬಾಗಿಲಿಗೆ ಒಯ್ಯುವುದಕ್ಕೂ ಬಹಳ ಅಂತರವಿದೆ. ಹಕ್ಕಿ ನಮ್ಮದಾಗಬೇಕೆಂದು ನಾವು ಬಯಸಬಾರದು. ನಮ್ಮ ಹಾಗೆಯೇ ಇರಬೇಕೆಂದೂ ಬಯಸಬಾರದು.

ದೇಶದ ಕಾನೂನೂ ಇದೇ ದಾರಿಯಲ್ಲಿದೆ. ಸಂವಿಧಾನದ 51ಎ ವಿಧಿಯು ಜೀವಿಗಳ ಬಗೆಗಿನ ಅನುಕಂಪವನ್ನು ನಾಗರಿಕನ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ಹೇಳುತ್ತ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅದರ ರಕ್ಷಣೆಗೆ ಒಳಪಟ್ಟ ವನ್ಯಜೀವಿ ಕೈಸೇರಿದರೆ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ನೈಲಾನ್ ಮೊದಲಾದ ಕೃತಕ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರಲ್ಲಿ ದೇಶಾದ್ಯಂತ ನಿಷೇಧಿಸಿತು. ಅದೇ ವರ್ಷ ಗುಜರಾತ್ ಸರ್ಕಾರವು ಉತ್ತರಾಯಣದ ದಿನಗಳಲ್ಲಿ ಹಕ್ಕಿಗಳನ್ನು ರಕ್ಷಿಸಲು ಕರುಣಾ ಅಭಿಯಾನವನ್ನು ಆರಂಭಿಸಿತು.

ದಯೆಯಿದ್ದರೆ ಸಾಲದು, ತಿಳಿವೂ ಬೇಕು. ಬಿದ್ದ ಹಕ್ಕಿಗೆ ಮೊದಲು ನೀರು ಕುಡಿಸಲು ಹೋಗುವುದು ಸಾಮಾನ್ಯವಾದ ತಪ್ಪು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ, ಕೊಕ್ಕು ಬಿಡಿಸಿ ಸುರಿದ ನೀರು ಶ್ವಾಸಕೋಶಕ್ಕೆ ಇಳಿದು ಅದು ಸಾಯಬಹುದು. ಇಲಿಮರಿಗೆ ಹಿತವಾದ ಹಾಲು ಹಕ್ಕಿಗೆ ಜೀರ್ಣವಾಗುವುದಿಲ್ಲ. ಚರ್ಮದೊಳಗೆ ಸಿಕ್ಕಿಕೊಂಡ ದಾರವನ್ನು ಎಳೆದರೆ ಗಾಯ ದೊಡ್ಡದಾಗುತ್ತದೆ. ಮೆತ್ತನೆಯ ಬಟ್ಟೆಯಿಂದ ಮುಚ್ಚಿ ಎತ್ತಿ, ಗಾಳಿಯಾಡಲು ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯ, ಬೆಚ್ಚನೆಯ, ಸದ್ದಿಲ್ಲದ ಮೂಲೆಯಲ್ಲಿ ಇರಿಸಿ ಪಶುವೈದ್ಯರಲ್ಲಿಗೋ ಅರಣ್ಯ ಇಲಾಖೆಗೋ ಒಯ್ಯಬೇಕು. ಮಕ್ಕಳು ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡದಂತೆ ತಡೆಯುವುದೂ ಚಿಕಿತ್ಸೆಯ ಭಾಗವೇ. ಮನುಷ್ಯನ ಮುಖ ಹಕ್ಕಿಗೆ ಭಯದ ವಸ್ತು.

ಬೀಳುವ ಮೊದಲೇ ಉಳಿಸುವುದು ಇನ್ನೂ ಲೇಸು. ಹಕ್ಕಿಗಳು ಹಾರಾಡುವ ಮುಂಜಾನೆ ಮತ್ತು ಸಂಜೆಯ ಹೊತ್ತು ಗಾಳಿಪಟವನ್ನು ಕೆಳಗಿಡಬಹುದು. ಮರಕ್ಕೆ, ತಂತಿಗೆ ಸುತ್ತಿಕೊಂಡ ದಾರವನ್ನು ಹಬ್ಬದ ಮರುದಿನ ತೆಗೆದುಹಾಕಬಹುದು, ಏಕೆಂದರೆ ಹಬ್ಬ ಮುಗಿದ ಮೇಲೆಯೂ ಅಲ್ಲಿ ಹಕ್ಕಿಗಳು ಸಿಕ್ಕಿಬೀಳುತ್ತಲೇ ಇರುತ್ತವೆ. ಗಾಜಿನ ದಾರವನ್ನೇ ಬಿಟ್ಟು ಬರಿಯ ನೂಲಿನಿಂದ ಹಾರಿಸಿದರೂ ಪಟ ಏರುತ್ತದೆ.

ಖಂಭಾತಿನ ಆ ವೃದ್ಧನ ಹೆಸರನ್ನು ಪ್ರವಾಸಿ ಬರೆದಿಡಲಿಲ್ಲ. ಅವನು ಸಾಕಿದ ಮರಿಗಳಲ್ಲಿ ಎಷ್ಟು ಬದುಕಿದವೋ, ಬದುಕಿದವು ಎಲ್ಲಿಗೆ ಹೋದವೋ ಅವನಿಗೂ ತಿಳಿದಿರಲಾರದು. ಹತ್ತಿಯನ್ನು ಸರಿಪಡಿಸಿ, ಗರಿಯನ್ನು ಹಾಲಿನಲ್ಲಿ ಅದ್ದಿ, ಅವು ತನ್ನನ್ನು ಬಿಟ್ಟು ಹೋಗುವ ದಿನಕ್ಕಾಗಿಯೇ ಅವನು ಅವುಗಳನ್ನು ಬೆಳೆಸುತ್ತಿದ್ದನು.