ಕತ್ತಿ ಕೆಳಗಿಟ್ಟು ಪಾಠಕ್ಕೆ ಕುಳಿತ ಯೋಧ

ಪ್ರತಿ ವರ್ಷ ಜುಲೈ 31ರಂದು ನಾವು ಲೊಯೋಲದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತೇವೆ. ಯುದ್ಧದಲ್ಲಿ ಗಾಯಗೊಂಡ ಯೋಧನೊಬ್ಬ ಸಂತನಾದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಆ ಗಾಯ ಮಾಸಿದ ಮೇಲೆ, ಯೇಸುಸಭೆ ಹುಟ್ಟುವ ಮೊದಲು, ಅವರು ಹನ್ನೊಂದು ವರ್ಷ ವಿದ್ಯಾರ್ಥಿಯಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1521ರ ಮೇ 20ರಂದು ಸ್ಪೇನಿನ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡೊಂದು ಇಗ್ನೇಷಿಯಸರ ಬಲಗಾಲನ್ನು ಮುರಿಯಿತು. ಹಾಸಿಗೆ ಹಿಡಿದಾಗ ಓದಿದ ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಅವರ ಮನಸ್ಸನ್ನು ಬದಲಿಸಿದವು. 1522ರಲ್ಲಿ ಮೊನ್ಸೆರಾತಿನ ಮಾತೆ ಮರಿಯಮ್ಮನವರ ಪೀಠದ ಮುಂದೆ ಕತ್ತಿಯನ್ನು ಒಪ್ಪಿಸಿದರು. ಮರುವರ್ಷ ಜೆರುಸಲೇಮಿಗೆ ಯಾತ್ರೆ ಹೋದರು. ಅಲ್ಲೇ ನೆಲೆಸುವ ಆಸೆಯಿತ್ತು, ಆದರೆ ಅಲ್ಲಿನ ಫ್ರಾನ್ಸಿಸ್ಕನ್ ಗುರುಗಳು ಅನುಮತಿ ಕೊಡಲಿಲ್ಲ. ಇನ್ನು ಏನು ಮಾಡುವುದು? ಜನರ ಆತ್ಮಗಳಿಗೆ ನೆರವಾಗಬೇಕಾದರೆ ಓದಲೇಬೇಕು ಎಂದು ಅವರು ನಿಶ್ಚಯಿಸಿದರು.

1524ರಲ್ಲಿ ಬಾರ್ಸಿಲೋನಕ್ಕೆ ಬಂದಾಗ ಅವರಿಗೆ ಸುಮಾರು ಮೂವತ್ತಮೂರು ವರ್ಷ. ವಿಶ್ವವಿದ್ಯಾಲಯಕ್ಕೆ ಲ್ಯಾಟಿನ್ ಬೇಕು, ಅವರಿಗೆ ಲ್ಯಾಟಿನ್ ಬಾರದು. ಇಸಾಬೆಲ್ ರೋಸರ್ ಎಂಬ ಮಹಿಳೆ ಖರ್ಚಿಗೆ ನೆರವಾದರು. ಜೆರೋನಿಮೊ ಆರ್ದೆವೋಲ್ ಎಂಬ ಶಿಕ್ಷಕರು ಹಣ ತೆಗೆದುಕೊಳ್ಳದೆ ಪಾಠ ಹೇಳಿದರು. ಆದರೆ ವ್ಯಾಕರಣ ಬಾಯಿಪಾಠಕ್ಕೆ ಕುಳಿತರೆ ಸಾಕು, ಧ್ಯಾನದ ಸವಿ ಉಕ್ಕಿ ಬರುತ್ತಿತ್ತು, ಪಾಠ ತಲೆಗೆ ಹತ್ತುತ್ತಿರಲಿಲ್ಲ. ಪ್ರಾರ್ಥನೆಗೆ ಕುಳಿತಾಗಲೂ ಬಾರದ ಈ ಸವಿ ಪಾಠದ ಹೊತ್ತಿಗೇ ಏಕೆ ಬರುತ್ತದೆ ಎಂದು ಯೋಚಿಸಿದ ಅವರು, ಇದು ಶೋಧನೆಯೆಂದು ಕಂಡುಕೊಂಡರು. ಸಾಂತಾ ಮರಿಯ ದೇವಾಲಯದಲ್ಲಿ ಗುರುಗಳನ್ನು ಕೂರಿಸಿ ಎಲ್ಲವನ್ನೂ ಹೇಳಿಕೊಂಡರು. ತಿನ್ನಲು ರೊಟ್ಟಿ, ಕುಡಿಯಲು ನೀರು ಸಿಗುವವರೆಗೆ ಈ ಎರಡು ವರ್ಷ ಪಾಠ ತಪ್ಪಿಸುವುದಿಲ್ಲ ಎಂದು ಮಾತುಕೊಟ್ಟರು.

ಅವರು ಎಡವಲಿಲ್ಲವೇ? ಎಡವಿದರು. 1526ರಲ್ಲಿ ಅಲ್ಕಲಾ ವಿಶ್ವವಿದ್ಯಾಲಯಕ್ಕೆ ಹೋಗಿ ತರ್ಕ, ಭೌತಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಅವಸರದಲ್ಲಿ ಒಟ್ಟಿಗೆ ಕಲಿಯಲು ಹೊರಟರು. ಯಾವುದೂ ಸರಿಯಾಗಿ ದಕ್ಕಲಿಲ್ಲ. ಓದು ಮುಗಿಸದೆ ಜನರಿಗೆ ಬೋಧಿಸುತ್ತಾರೆಂದು ಅಲ್ಲಿಯೂ ಸಲಮಾಂಕದಲ್ಲಿಯೂ ವಿಚಾರಣೆ, ಸೆರೆವಾಸ. ಸಲಮಾಂಕದ ನ್ಯಾಯಾಧೀಶರು ಅವರ ಬೋಧನೆಯಲ್ಲಿ ತಪ್ಪು ಕಾಣಲಿಲ್ಲ. ಆದರೂ ಪಾಪಗಳ ಭೇದವನ್ನು ವಿವರಿಸುವ ಮೊದಲು ಇನ್ನೂ ನಾಲ್ಕು ವರ್ಷ ಓದಬೇಕೆಂದರು.

1528ರ ಫೆಬ್ರವರಿಯಲ್ಲಿ ಅವರು ಪ್ಯಾರಿಸ್ ತಲಪಿದರು. ಬುನಾದಿ ಗಟ್ಟಿಯಾಗಿಲ್ಲವೆಂದು ಒಪ್ಪಿಕೊಂಡು, ಮೊಂತೆಗ್ಯು ಕಾಲೇಜಿನಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲ್ಯಾಟಿನನ್ನು ಮತ್ತೆ ಮೊದಲಿನಿಂದ ಕಲಿತರು. ನಂಬಿ ಹಣ ಕೊಟ್ಟಿಟ್ಟ ಸ್ವದೇಶಿಯೊಬ್ಬ ಅದನ್ನೆಲ್ಲ ಖರ್ಚು ಮಾಡಿಬಿಟ್ಟ. ಭಿಕ್ಷೆ ಬೇಡುತ್ತಾ ದೂರದ ಧರ್ಮಛತ್ರದಲ್ಲಿ ಉಳಿದರು. ಅದರ ಬಾಗಿಲು ತೆರೆಯುವ ಹೊತ್ತಿಗೆ ಬೆಳಗಿನ ಪಾಠ ಶುರುವಾಗಿರುತ್ತಿತ್ತು. ಮುಂದೆ ರಜೆಯಲ್ಲಿ ಫ್ಲಾಂಡರ್ಸಿಗೆ ಹೋಗಿ ಅಲ್ಲಿನ ಸ್ಪೇನಿನ ವರ್ತಕರಿಂದ ವರ್ಷದ ಖರ್ಚಿಗೆ ಹಣ ಬೇಡಿ ತಂದರು. ಹಣ ಕಳೆದಾತ ರುವಾನಿನಲ್ಲಿ ಕಾಯಿಲೆ ಬಿದ್ದಿದ್ದಾನೆಂದು ತಿಳಿದಾಗ, ಬರಿಗಾಲಲ್ಲಿ ನಡೆದು ಹೋಗಿ ಅವನನ್ನು ಉಪಚರಿಸಿದರು.

1529ರಲ್ಲಿ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಅವರ ಕೋಣೆಯ ಜೊತೆಗಾರರಾದವರು ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಝೇವಿಯರ್. ಇಬ್ಬರೂ ಅವರಿಗಿಂತ ಸುಮಾರು ಹದಿನೈದು ವರ್ಷ ಚಿಕ್ಕವರು. ಅರಿಸ್ಟಾಟಲನ ಪಾಠಗಳನ್ನು ಫೇಬರರೇ ಅವರಿಗೆ ಹೇಳಿಕೊಡುತ್ತಿದ್ದರು. ಹಿರಿಯ ಯೋಧ ಕಿರಿಯನ ಶಿಷ್ಯನಾದ; ಕಿರಿಯ ಹಿರಿಯನಿಂದ ಪ್ರಾರ್ಥನೆ ಕಲಿತ. 1535ರಲ್ಲಿ ಇಗ್ನೇಷಿಯಸರಿಗೆ ಎಂ.ಎ. ಪದವಿ ದೊರೆಯಿತು. 1540ರಲ್ಲಿ ಯೇಸುಸಭೆಗೆ ಪೋಪರ ಮನ್ನಣೆ ಸಿಕ್ಕಿತು. 1542ರಲ್ಲಿ ಝೇವಿಯರ್ ಗೋವೆಗೆ ಬಂದಿಳಿದರು. 1548ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿ ಸಭೆಯ ಕಾಲೇಜು ತೆರೆಯಿತು. ಆ ಪರಂಪರೆಯಲ್ಲೇ 1880ರಲ್ಲಿ ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಹುಟ್ಟಿತು.

ಸೇನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು ನಮ್ಮ ನಡುವೆಯೂ ಇದ್ದಾರೆ. ಸಂಸಾರದ ಹೊರೆಗೆ ಓದು ಬಿಟ್ಟ ತಾಯಂದಿರೂ ಇದ್ದಾರೆ. ಈ ವಯಸ್ಸಿನಲ್ಲಿ ಮಕ್ಕಳ ಜೊತೆ ಕೂತರೆ ನಾಲ್ಕು ಜನ ಏನೆಂದಾರು ಎಂಬ ಸಂಕೋಚ ಅವರನ್ನು ತಡೆಯುತ್ತದೆ. ನಕ್ಕು ಆ ಸಂಕೋಚವನ್ನು ಹೆಚ್ಚಿಸುವವರು ಕೆಲವೊಮ್ಮೆ ನಾವೇ. ಇಗ್ನೇಷಿಯಸರು ಒಬ್ಬರೇ ಪದವಿ ಪಡೆಯಲಿಲ್ಲ. ಊಟಕ್ಕೆ ಕೊಟ್ಟ ತಾಯಿ, ಬಿಟ್ಟಿ ಪಾಠ ಹೇಳಿದ ಗುರು, ಪಕ್ಕದಲ್ಲಿ ಕುಳಿತು ಅರ್ಥ ಬಿಡಿಸಿದ ಕಿರಿಯ ಗೆಳೆಯ ಅವರ ಜೊತೆಗಿದ್ದರು. ಈ ಹಬ್ಬದ ದಿನ ಸಂತರ ಪೀಠದ ಮುಂದೆ ಮೇಣದಬತ್ತಿ ಹಚ್ಚೋಣ. ಮನೆಗೆ ಮರಳಿದ ಮೇಲೆ, ಮತ್ತೆ ಓದಬೇಕೆಂದು ಮನಸ್ಸಿನಲ್ಲೇ ಆಸೆಪಡುತ್ತಿರುವವರು ನಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿ ತಿಳಿಯೋಣ.