ಕಸದಿಂದ ರಸ ತೆಗೆದ ರಸ್ತೆ ಇನ್‌ಸ್ಪೆಕ್ಟರ್

ನಮ್ಮ ಶಾಲೆಗಳ ವಸ್ತುಪ್ರದರ್ಶನಗಳಲ್ಲಿ ‘ಕಸದಿಂದ ರಸ’ ಅನ್ನುವ ಒಂದು ಮೇಜು ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಬಾಟಲಿಯ ಹೂದಾನಿ, ಐಸ್‌ಕ್ರೀಂ ಕಡ್ಡಿಯ ಮನೆ, ತೆಂಗಿನ ಚಿಪ್ಪಿನ ಆಮೆ. ಬಂದವರು ನೋಡುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಮುಂದಿನ ಮೇಜಿಗೆ ಹೋಗುತ್ತಾರೆ. ಆ ಕಸ ಎಲ್ಲಿಂದ ಬಂತು, ಮೊದಲು ಯಾರದಾಗಿತ್ತು, ಯಾಕೆ ಬಿಸಾಡಿದರು ಅಂತ ಯಾರೂ ಕೇಳುವುದಿಲ್ಲ. ನಿಜವಾದ ಪಾಠ ಇರುವುದು ಆ ಮೂರು ಪ್ರಶ್ನೆಗಳಲ್ಲಿ. ಅದನ್ನು ಅರಿಯಲು ಚಂಡೀಗಢದ ರಾಕ್ ಗಾರ್ಡನ್ ಹುಟ್ಟಿದ ಕತೆಯನ್ನು ನೋಡಬೇಕು.

1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಈ ಕಡೆಯ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಶಿವಾಲಿಕ್ ಬೆಟ್ಟಗಳ ಬುಡದಲ್ಲಿ ಜಾಗ ಗೊತ್ತುಮಾಡಿ, ಫ್ರಾನ್ಸಿನಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೆ ಅವರನ್ನು ಕರೆಸಿದರು. ನೇರ ರಸ್ತೆಗಳು, ನಂಬರು ಹಾಕಿದ ಸೆಕ್ಟರುಗಳು, ಕಾಂಕ್ರೀಟಿನ ಭಾರಿ ಕಟ್ಟಡಗಳು. ಆದರೆ ಅದು ಖಾಲಿ ನೆಲವಾಗಿರಲಿಲ್ಲ. ಗೋಧಿ ಬೆಳೆಯುತ್ತಿದ್ದ, ಮಾವಿನ ತೋಪುಗಳಿದ್ದ ಹಳ್ಳಿಗಳು ಅಲ್ಲಿದ್ದವು. ನಗರ ಬೆಳೆದಂತೆ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಎದ್ದುಹೋದವು. ಮನೆಗಳನ್ನು ಕೆಡವಿದರು. ನೆಲ ಮಟ್ಟ ಮಾಡಿದರು. ನಕ್ಷೆಯಲ್ಲಿ ಹಳ್ಳಿಯ ಹೆಸರಿದ್ದ ಕಡೆ ಸೆಕ್ಟರಿನ ನಂಬರು ಬಂತು.

ಅದೇ ನಗರಕ್ಕೆ 1951ರಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ಆಗಿ ಬಂದವರು ನೇಕ್ ಚಂದ್ ಸೈನಿ. 1924ರಲ್ಲಿ ಶಕರ್‌ಗಢ ಸೀಮೆಯ ಒಂದು ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದವರು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಹುಟ್ಟಿದೂರು ಕಳೆದುಕೊಂಡು ಬಂದ ಮನುಷ್ಯ, ಬೇರೆಯವರ ಊರುಗಳು ನೆಲಸಮವಾಗುವುದನ್ನು ಸರ್ಕಾರಿ ಕೆಲಸದ ಭಾಗವಾಗಿ ದಿನಾ ನೋಡಬೇಕಾಯಿತು.

ಕೆಡವಿದ ಮನೆಗಳ ಅವಶೇಷ ರಾಶಿ ಬಿದ್ದಿತ್ತು. ಒಡೆದ ಮಡಕೆ, ಬಳೆಚೂರು, ಹಂಚು, ಪಿಂಗಾಣಿ, ಮುರಿದ ಸೈಕಲ್ಲು. 1957ರ ಸುಮಾರಿಗೆ ನೇಕ್ ಚಂದ್ ಇವನ್ನು ಆಯತೊಡಗಿದರು. ಕೆಲಸ ಮುಗಿದ ಮೇಲೆ ಸೈಕಲ್ಲಿಗೆ ಹೇರಿಕೊಂಡು ಸುಖ್ನಾ ಕೆರೆಯ ಹತ್ತಿರದ ಕಾಡಿಗೆ ಒಯ್ಯುತ್ತಿದ್ದರು. ನದಿಪಾತ್ರಗಳಲ್ಲಿ ನೀರು ಕೊರೆದು ವಿಚಿತ್ರ ರೂಪ ಕೊಟ್ಟ ಕಲ್ಲುಗಳನ್ನೂ ತಂದರು. ಆ ಕಾಡಿನಲ್ಲಿ ಏನನ್ನೂ ಕಟ್ಟುವಂತಿರಲಿಲ್ಲ. ಹಾಗಾಗಿ ಕೆಲಸವೆಲ್ಲ ಕದ್ದುಮುಚ್ಚಿ, ಹೆಚ್ಚಾಗಿ ರಾತ್ರಿ ಹೊತ್ತು. ಬೆಳಕಿಗೆ ಹಳೆಯ ಟೈರು ಸುಡುತ್ತಿದ್ದರಂತೆ.

ಅವರ ವಿಧಾನ ಸರಳ. ಸೈಕಲ್ ಚೌಕಟ್ಟು, ಕಬ್ಬಿಣದ ಸರಳು, ಪೈಪು ಮೂರ್ತಿಯ ಮೂಳೆಯಾಗುತ್ತಿದ್ದವು. ಅದರ ಮೇಲೆ ಸಿಮೆಂಟು, ಮರಳಿನ ಗಾರೆ. ಗಾರೆ ಹಸಿಯಾಗಿರುವಾಗಲೇ ಚೂರುಗಳನ್ನು ಒತ್ತಿಬಿಡುವುದು. ಬಳೆಚೂರು ಹೆಂಗಸರ ಸೀರೆಯಾಯಿತು. ಬಿಳಿ ಪಿಂಗಾಣಿ ಗಂಡಸರ ಅಂಗಿಯಾಯಿತು. ಸೈಕಲ್ಲಿನ ಸೀಟು ಪ್ರಾಣಿಯ ತಲೆಯಾಯಿತು. ರಸ್ತೆ ಕೆಲಸದಲ್ಲಿ ಉಳಿದ ಡಾಂಬರ್ ಡ್ರಮ್ಮು, ವಿದ್ಯುತ್ ಫ್ಯೂಸಿನ ಪಿಂಗಾಣಿ ತುಂಡು, ಮಡಕೆಗಳು ಗೋಡೆಗೆ ಸೇರಿದವು. ನೀರು ಹೊತ್ತವರು, ಕುಣಿಯುವವರು, ಸಾಲಾಗಿ ಕೂತವರು, ಹೀಗೆ ಒಂದು ಊರೇ ಎದ್ದು ನಿಂತಿತು. ನಕ್ಷೆಯಿಂದ ಅಳಿಸಿದ ಹಳ್ಳಿಗಳು ಚೂರುಚೂರಾಗಿ ಕಾಡಿನೊಳಗೆ ಮತ್ತೆ ಸೇರಿಕೊಂಡಂತೆ.

1970ರ ದಶಕದಲ್ಲಿ ಗುಟ್ಟು ರಟ್ಟಾಯಿತು. ಅಷ್ಟರಲ್ಲಿ ಅದು ಸುಮಾರು 12 ಎಕರೆಗೆ ಹಬ್ಬಿತ್ತು. ಕಾನೂನಿನ ಪ್ರಕಾರ ಕೆಡವಬೇಕಿತ್ತು. ಆದರೆ ನೋಡಿದ ಜನ ಬಿಡಲಿಲ್ಲ. 1976ರಲ್ಲಿ ಸರ್ಕಾರವೇ ಅದನ್ನು ಸಾರ್ವಜನಿಕರಿಗೆ ತೆರೆಯಿತು. ನೇಕ್ ಚಂದ್ ಅವರಿಗೆ ಅದನ್ನೇ ನೋಡಿಕೊಳ್ಳುವ ಹುದ್ದೆ, ಸಂಬಳ, ಜೊತೆಗೆ 50 ಜನ ಕೆಲಸಗಾರರನ್ನು ಕೊಟ್ಟಿತು. 1984ರಲ್ಲಿ ಪದ್ಮಶ್ರೀಯೂ ಬಂತು.

ಇದರಲ್ಲಿ ವಿದ್ಯಾರ್ಥಿಗೆ ಏನು ಪಾಠ ಅಂತ ಕೇಳಬಹುದು. ಒಂದು ಮೂರ್ತಿಯ ಮುಂದೆ ಮಗುವನ್ನು ನಿಲ್ಲಿಸಿ, ಒಂದು ಬಿಳಿ ಚೂರಿನ ಮೇಲೆ ಬೆರಳಿಡಲು ಹೇಳಿ. ಇದು ಯಾವುದರಿಂದ ಆದದ್ದು? ಸುಟ್ಟ ಮಣ್ಣು. ಹಾಗಾದರೆ ಮಳೆಗೆ ಯಾಕೆ ಕರಗುವುದಿಲ್ಲ? ಅಲ್ಲಿಗೆ ವಿಜ್ಞಾನ ಶುರು. ಕಕ್ಕಸಿನ ಪಿಂಗಾಣಿ ಇಷ್ಟೊಂದು ಯಾಕೆ ಸಿಕ್ಕಿತು? ಹೊಸ ನಗರದ ಮನೆಮನೆಗೆ ನಲ್ಲಿ, ಒಳಚರಂಡಿ ಬರುತ್ತಿತ್ತು. ಅದು ಸಮಾಜ ವಿಜ್ಞಾನ. ಪಕ್ಕದ ಬಳೆಚೂರು ಯಾರ ಕೈಯಲ್ಲಿತ್ತು, ಅವರು ಎಲ್ಲಿಗೆ ಹೋದರು? ಅದು ಇತಿಹಾಸ. ಕಾರ್ಬ್ಯುಸಿಯೆ ಕಟ್ಟಿದ ಕ್ಯಾಪಿಟಲ್ ಸಂಕೀರ್ಣ ಅಲ್ಲೇ ಹತ್ತಿರದಲ್ಲಿದೆ. 2016ರಲ್ಲಿ ಅದಕ್ಕೆ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ನಗರ ಹೇಗಿರಬೇಕೆಂದು ಯೋಚಿಸಿದವರ ಕತೆಯನ್ನು ಅದು ಹೇಳಿದರೆ, ಅದಕ್ಕಾಗಿ ಏನನ್ನು ಕೆಡವಲಾಯಿತು ಎಂಬುದನ್ನು ರಾಕ್ ಗಾರ್ಡನ್ ಹೇಳುತ್ತದೆ. ಎರಡನ್ನೂ ಒಂದೇ ದಿನ ನೋಡಿದ ಮಗುವಿಗೆ ‘ಅಭಿವೃದ್ಧಿ’ ಅನ್ನುವ ಪದದ ಅರ್ಥ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಈ ಕಲಿಕೆಯ ಶಕ್ತಿಯನ್ನು ಹೊರಗಿನವರೂ ಗುರುತಿಸಿದರು. 1980ರ ದಶಕದ ಮಧ್ಯದಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಮಕ್ಕಳ ವಸ್ತುಸಂಗ್ರಹಾಲಯವೊಂದು ನೇಕ್ ಚಂದ್ ಅವರಿಂದ ಇಂಥದೇ ತೋಟ ಮಾಡಿಸಿಕೊಂಡಿತು. ಮಕ್ಕಳು ಮುಟ್ಟಿ, ಮಾಡಿ ಕಲಿಯಬೇಕು ಅನ್ನುವುದು ಆ ಸಂಸ್ಥೆಯ ತತ್ವವಾಗಿತ್ತು.

ಅದೇ ಕಾಲದಲ್ಲಿ ನಮ್ಮ ದೇಶದ ಹಳ್ಳಿ ಶಾಲೆಗಳಲ್ಲೂ ಇಂಥದೇ ಯೋಚನೆ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ, ಮಕ್ಕಳು ಸುತ್ತಮುತ್ತ ಸಿಗುವ ವಸ್ತುಗಳಿಂದ ಪ್ರಯೋಗ ಮಾಡಿ ಕಲಿಯಲಿ ಅಂದಿತು. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತ 1978ರಲ್ಲಿ ಕಂಪನಿಯಿಂದ ಒಂದು ವರ್ಷದ ರಜೆ ಹಾಕಿ ಅಲ್ಲಿಗೆ ಹೋದರು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು ಸೇರಿಸಿ ಆಕೃತಿಗಳನ್ನು ಕಟ್ಟಿದರು. ತ್ರಿಕೋನ ಅಲುಗಾಡುವುದಿಲ್ಲ, ಚೌಕ ಓರೆಯಾಗುತ್ತದೆ. ಸೇತುವೆಗಳಲ್ಲಿ, ಮನೆಯ ಸೂರಿನಲ್ಲಿ ತ್ರಿಕೋನ ಯಾಕೆ ಇರುತ್ತದೆ ಅನ್ನುವುದು ಮಗುವಿನ ಬೆರಳಿಗೇ ಗೊತ್ತಾಗುತ್ತದೆ. ನೇಕ್ ಚಂದ್ ಸೈಕಲ್ಲಿನ ಚೌಕಟ್ಟನ್ನು ಎತ್ತಿಕೊಂಡರೆ, ಅರವಿಂದ ಗುಪ್ತ ಅದರ ವಾಲ್ವ್ ಟ್ಯೂಬನ್ನು ಹಿಡಿದರು.

ಇಂಥವನ್ನು ಹುಟ್ಟಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಹೋಶಂಗಾಬಾದ್ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ವಾಷಿಂಗ್ಟನ್ನಿನ ಮಕ್ಕಳ ಸಂಗ್ರಹಾಲಯ 2004ರಲ್ಲಿ ತನ್ನ ಕಟ್ಟಡ ಬಿಟ್ಟಾಗ ಅಲ್ಲಿನ ತೋಟವನ್ನು ಕಳಚಬೇಕಾಯಿತು. ಮೂರ್ತಿಗಳು ಬೇರೆ ಬೇರೆ ಕಡೆಗೆ ಚದುರಿದವು. ಚಂಡೀಗಢದಲ್ಲೇ 1990ರ ಸುಮಾರಿಗೆ ಬುಲ್ಡೋಜರ್ ಬಂದಾಗ ಜನ ಕೈಕೈ ಹಿಡಿದು ಅಡ್ಡ ನಿಂತರು. 1996ರಲ್ಲಿ ನೇಕ್ ಚಂದ್ ವಿದೇಶ ಪ್ರವಾಸದಲ್ಲಿದ್ದಾಗ ಕಿಡಿಗೇಡಿಗಳು ಮೂರ್ತಿಗಳನ್ನು ಒಡೆದರು. ಅವರು 2015ರಲ್ಲಿ ತೀರಿಕೊಂಡರು. 2025ರಲ್ಲಿ ರಸ್ತೆ ಅಗಲೀಕರಣ, ಪಾರ್ಕಿಂಗ್ ಸಲುವಾಗಿ ತೋಟದ ಗೋಡೆಯ ಒಂದು ಭಾಗವನ್ನೇ ಕೆಡವಲಾಯಿತು. ಕೆಡವಿದ ಊರುಗಳ ಚೂರಿನಿಂದ ಕಟ್ಟಿದ್ದನ್ನು ಮತ್ತೊಮ್ಮೆ ಕೆಡವಿದಂತಾಯಿತು.

ನಮ್ಮ ಕಡೆಗೂ ಇದು ದೂರದ ಮಾತಲ್ಲ. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಳೆಯ ಪೇಟೆಯನ್ನು, ಕೃಷ್ಣೆಯ ದಡದ ಎಷ್ಟೋ ಹಳ್ಳಿಗಳನ್ನು ನುಂಗಿದೆ. ಬಾಗಿಲು, ಕಂಬ, ತೊಲೆ ಕಳಚಿ ಹೇರಿಕೊಂಡು ಹೊಸ ಊರಿಗೆ ಬಂದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನಷ್ಟು ಊರುಗಳು ಏಳಬೇಕು. ರಾಕ್ ಗಾರ್ಡನ್ನಿನ ಮೂರ್ತಿಯನ್ನು ಎಷ್ಟು ಹೊತ್ತು ನೋಡಿದರೂ ಯಾವ ಬಳೆಚೂರು ಯಾರ ಮನೆಯದು ಅಂತ ತಿಳಿಯುವುದಿಲ್ಲ. ಇಲ್ಲಿ ಮಾತ್ರ ಕೇಳಿದರೆ ಹೇಳುವವರಿದ್ದಾರೆ, ಸದ್ಯಕ್ಕೆ.

ಪುನರ್ವಸತಿ ಕೇಂದ್ರದ ಶಾಲೆಯ ಮೇಷ್ಟ್ರೊಬ್ಬರು ಮುಂದಿನ ವಸ್ತುಪ್ರದರ್ಶನಕ್ಕೆ ಥರ್ಮಾಕೋಲ್ ತರಿಸುವ ಬದಲು ಮಕ್ಕಳಿಗೆ ಹೀಗೆ ಹೇಳಬಹುದು: ಮನೆಯ ಅಟ್ಟದಲ್ಲಿ, ಹಿತ್ತಲಲ್ಲಿ ಹಳೆಯ ಊರಿನದು ಏನಿದೆ ಹುಡುಕಿ. ಬಾಗಿಲ ಚಿಲಕ, ಒಡೆದ ಬೀಸುಕಲ್ಲು, ಗಾಡಿಯ ಕೀಲು, ಏನಾದರೂ ಸರಿ. ಅದರ ಕತೆಯನ್ನು ಅಜ್ಜಿಯನ್ನು ಕೇಳಿ ಬರೆದುಕೊಳ್ಳಿ. ಎಲ್ಲ ಸೇರಿಸಿ ಶಾಲೆಯ ಅಂಗಳದಲ್ಲಿ ಒಂದು ಮೂರ್ತಿ ಮಾಡಿ. ಅದು ಅಂದವಾಗಿ ಬರದಿದ್ದರೂ ಚಿಂತೆಯಿಲ್ಲ. ಪಕ್ಕದಲ್ಲಿ ಒಂದು ಹಲಗೆ ಇಟ್ಟು ಯಾವ ವಸ್ತು ಯಾವ ಊರಿನದು, ಯಾರ ಮನೆಯದು ಅಂತ ಬರೆಯಿರಿ.